ಮೇಸ್ತ್ರಿ ಮಾಡಿದ್ದು ಉಲ್ಟಾ, ಆದರೂ ಸರಿ

ಪಾಯಕ್ಕೆ ಗುರುತು ಹಾಕುವಾಗ ಮೇಸ್ತ್ರಿ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದು, ಎರಡು ಗುರುತುಗಳ ನಡುವೆ 5 ಅಡಿ ಬಂತು ಅಂತ ‘ಮೂಲೆ ಸರಿ ಇದೆ’ ಅಂದರಂತೆ. ‘ಶಾಲೆಯಲ್ಲಿ ಲಂಬಕೋನ ಕೊಟ್ಟು ವಿಕರ್ಣ, ಅಂದರೆ ಅದರ ಎದುರಿನ ಬಾಹು, ಕೇಳುತ್ತಿದ್ದರು. ಇವರು ವಿಕರ್ಣ ಅಳೆದು ಲಂಬಕೋನ ಇದೆ ಅಂತಾರೆ. ಇದು ಉಲ್ಟಾ ಅಲ್ವಾ?’ ಅಂತ ಕೇಳಿದ್ದೀರಿ.

ಹೌದು, ಉಲ್ಟಾನೇ. ಒಳ್ಳೆಯ ಅನುಮಾನ ನಿಮ್ಮದು. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಹಾಗಂತ ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕು ಅಂತಿಲ್ಲವಲ್ಲ. ಅದಕ್ಕೇ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದಲ್ಲಿ 47ನೆಯದಾಗಿ ಪೈಥಾಗೊರಸ್ ಪ್ರಮೇಯ (ಲಂಬಕೋನ ಇದ್ದರೆ ಅದರ ಎರಡು ಬಾಹುಗಳ ವರ್ಗ ಕೂಡಿಸಿದರೆ ವಿಕರ್ಣದ ವರ್ಗ ಬರುತ್ತದೆ) ಸಾಧಿಸಿ, ಅದರ ವಿಲೋಮವನ್ನು, ಅಂದರೆ ಅದೇ ಮಾತಿನ ಉಲ್ಟಾವನ್ನು, 48ನೆಯದಾಗಿ ಬೇರೆಯೇ ಸಾಧಿಸಿದ. ಪಾಠದಲ್ಲಿ ಮೊದಲನೆಯದಕ್ಕೇ ಮರ್ಯಾದೆ ಜಾಸ್ತಿ. ಕೆಲಸದ ಜಾಗದಲ್ಲಿ ದಿನಾ ಓಡಾಡುವುದು ಎರಡನೆಯದು.

ಅದು ಯಾಕೆ ನಿಜ ಅಂತ ಹೀಗೆ ನೋಡಿ. 3 ಮತ್ತು 4 ಅಡಿಯ ಎರಡು ಪಟ್ಟಿಗಳನ್ನು ಒಂದು ತುದಿಯಲ್ಲಿ ಮೊಳೆ ಹೊಡೆದು ಸೇರಿಸಿ. ಅಗಲಿಸುತ್ತಾ ಹೋದಂತೆ ಇನ್ನೆರಡು ತುದಿಗಳ ನಡುವಿನ ದೂರ ಬೆಳೆಯುತ್ತಲೇ ಹೋಗುತ್ತದೆ, ಎಲ್ಲೂ ಹಿಂದೆ ಬರುವುದಿಲ್ಲ. ಲಂಬಕೋನದಲ್ಲಿ ಆ ದೂರ 5 ಅಂತ ಪ್ರಮೇಯವೇ ಹೇಳಿದೆ. ಹಾಗಾದರೆ ಬೇರೆ ಯಾವ ಕೋನದಲ್ಲೂ 5 ಬರೋಕೆ ಸಾಧ್ಯವಿಲ್ಲ. ಅಷ್ಟೇ.

ಆದರೆ ಮೇಸ್ತ್ರಿಯ ಹತ್ತಿರ ನನ್ನದೊಂದು ತಕರಾರಿದೆ. 3-4-5 ಅಡಿ ತುಂಬಾ ಚಿಕ್ಕದಾಯಿತು. ಆ 5 ಅಡಿಯಲ್ಲಿ ಅರ್ಧ ಅಂಗುಲ ಹೆಚ್ಚುಕಮ್ಮಿ ಆದರೆ ಕೋನ ಸುಮಾರು 1 ಡಿಗ್ರಿ ತಪ್ಪುತ್ತದೆ. ಅದೇ ಗೆರೆಯನ್ನು 30 ಅಡಿ ಗೋಡೆಗೆ ಎಳೆದರೆ ಆ ತುದಿಯಲ್ಲಿ ಆರಂಗುಲಕ್ಕಿಂತ ಜಾಸ್ತಿ ವಾರೆ! 9-12-15 ಹಿಡಿದು ಅದೇ ಅರ್ಧ ಅಂಗುಲ ತಪ್ಪಿದರೆ ವಾರೆ ಎರಡಂಗುಲದ ಆಸುಪಾಸು. ಜಾಗ ಇದ್ದಷ್ಟೂ ದೊಡ್ಡ ತ್ರಿಭುಜ ಹಿಡಿಯಲಿ. ಟೇಪು ಜೋಲು ಬೀಳದೆ ಮಟ್ಟವಾಗಿರಬೇಕು, ಇಳಿಜಾರಿನ ಮೇಲೆ ಹಾಸಿ ಅಳೆದರೆ ಲೆಕ್ಕ ಕೆಡುತ್ತದೆ.

3-4-5 ಒಂದೇ ಅಲ್ಲ. ಬೌಧಾಯನ ಶುಲ್ಬಸೂತ್ರದಲ್ಲಿ, ಯಜ್ಞವೇದಿ ಕಟ್ಟುವ ಲೆಕ್ಕದ ನಡುವೆ, 5-12, 8-15, 7-24 ಜೋಡಿಗಳೂ ಸಿಗುತ್ತವೆ. ಅವುಗಳ ವಿಕರ್ಣ 13, 17, 25.

ನಿಮ್ಮ ಕೋಣೆ 10 ಅಡಿಗೆ 12 ಅಂದಿರಿ. 100ಕ್ಕೆ 144 ಸೇರಿಸಿದರೆ 244, ಅದರ ವರ್ಗಮೂಲ 15.62. ಇಲ್ಲಿ ಹುಷಾರು: ಇದು 15 ಅಡಿ 6 ಅಂಗುಲ ಅಲ್ಲ. ಆ .62 ಅನ್ನು 12ರಿಂದ ಗುಣಿಸಿ, ಸುಮಾರು ಏಳೂವರೆ ಅಂಗುಲ ಬರುತ್ತದೆ. ಎರಡೂ ಕರ್ಣ, ಅಂದರೆ ಎದುರುಬದುರು ಮೂಲೆಗಳ ನಡುವಿನ ಅಳತೆ, 15 ಅಡಿ ಏಳೂವರೆ ಅಂಗುಲ ಬರಬೇಕು. ಸುಮ್ನೆ ಎರಡೂ ಸಮ ಇವೆ ಅಂತ ಒಪ್ಪಿಕೊಳ್ಳಬೇಡಿ, ಎದುರುಬದುರು ಗೋಡೆಗಳೂ ಸಮ ಇವೆಯಾ ಅಂತ ಮೊದಲು ಅಳೆಸಿ.