ತಲೆಗೆ ಪೆಟ್ಟಾದ ಮೇಲೆ ಕಂಪ್ಯೂಟರ್ ಅಭ್ಯಾಸ: ಸ್ಕೋರ್ ಏರಿದರೂ ಕೆಲಸ ಯಾಕೆ ಸಾಗಲ್ಲ?

ನೀವು ಕೇಳಿದ್ದು: ತೀರ್ಥಹಳ್ಳಿ ಕಡೆಯ ನಿಮ್ಮ ಭಾವ ಬೈಕಿನಿಂದ ಬಿದ್ದು ಹಣೆಯ ಭಾಗಕ್ಕೆ ಪೆಟ್ಟಾಗಿದೆ. ಮಾತು, ನೆನಪು ಸರಿಯಿದೆ. ಆದರೆ ಶುರು ಮಾಡಿದ ಕೆಲಸ ಮುಗಿಸಲ್ಲ, ಮುಂದೇನು ಅಂತ ಯಾರಾದರೂ ಹೇಳ್ತಾನೇ ಇರಬೇಕು. ಲ್ಯಾಪ್‌ಟಾಪಿನ ಮೆದುಳಿನ ಆಟಗಳಿಂದ ಸರಿಹೋಗುತ್ತಾ?

ಆಡಿಸಿ, ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಪರದೆಯ ಮೇಲೆ ಅಭ್ಯಾಸ ಮಾಡಿದ್ದು ಪರದೆಯ ಮೇಲೆ ಸುಧಾರಿಸುತ್ತದೆ. ತೋಟದ ಕೆಲಸಕ್ಕೆ ತಾನಾಗಿ ಹರಿದು ಬರಲ್ಲ. ಇಂಥ ಆಟದಿಂದ ದಿನನಿತ್ಯದ ಕೆಲಸವೂ ಚುರುಕಾಗುತ್ತದೆ ಎಂಬ ಜಾಹೀರಾತಿನ ವಿಷಯದಲ್ಲಿ ಲ್ಯುಮಾಸಿಟಿ ಎಂಬ ಮೆದುಳಿನ ಆಟಗಳ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿ ರಾಜಿಯಾಗಬೇಕಾಯಿತು.

ಮೊದಲು ನರರೋಗ ವೈದ್ಯರ ಹತ್ತಿರ ಫಿಟ್ಸ್ ಬರುವ ಅಪಾಯವಿದೆಯೇ, ಒಂದು ಬದಿಯದ್ದು ಕಾಣದಿರುವ ತೊಂದರೆ ಇದೆಯೇ ಅಂತ ಖಚಿತ ಮಾಡಿಕೊಳ್ಳಿ. ನಿಮ್ಹಾನ್ಸ್‌ಗೆ ಒಮ್ಮೆ ಹೋಗಿ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿದರೆ ಯಾವುದು ಕುಂದಿದೆ ಅಂತ ಗೊತ್ತಾಗುತ್ತದೆ: ಯೋಜನೆಯೋ, ಆತುರವನ್ನು ತಡೆದುಕೊಳ್ಳುವುದೋ, ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದೋ.

ಬೆಳಗ್ಗೆ ದಣಿಯುವ ಮೊದಲು 20–30 ನಿಮಿಷ, ವಾರಕ್ಕೆ ನಾಲ್ಕೈದು ದಿನ ಸಾಕು. ಇಷ್ಟರೊಳಗೆ ಮುಗಿಸಬೇಕೆಂದು ಅವಸರಿಸುವ ಟೈಮರ್ ಆಫ್ ಇರಲಿ. ಹತ್ತಕ್ಕೆ ಏಳೆಂಟು ಸರಿ ಬರುವಷ್ಟು ಕಷ್ಟ ಇಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬೋ ಹಾಗಿಲ್ಲ, ಇಂಟರ್ನೆಟ್ ಇಲ್ಲದೆ ನಡೆಯುವ ಪ್ರೋಗ್ರಾಮ್ ಹುಡುಕಿ.

ನಿಮ್ಮ ಭಾವನಿಗೆ ನಾನು ಆರಿಸುವುದು ಟವರ್ ಆಫ್ ಲಂಡನ್ ಮಾದರಿಯದು: ಬೇರೆ ಬೇರೆ ಎತ್ತರದ ಮೂರು ಗೂಟ, ಮೂರು ಬಣ್ಣದ ಮಣಿ, ತೋರಿಸಿದ ಚಿತ್ರದಂತೆ ಕಡಿಮೆ ನಡೆಗಳಲ್ಲಿ ಜೋಡಿಸಬೇಕು. ಚಿತ್ರ ಕಂಡ ತಕ್ಷಣ ಕೈ ಮೌಸ್‌ಗೆ ಹೋಗುತ್ತದೆ, ಕಣ್ಣಿಗೆ ಬಿದ್ದ ಮಣಿ ಅದರ ಜಾಗಕ್ಕೆ ಹೋಗಿ ಮುಂದಿನ ದಾರಿ ಮುಚ್ಚುತ್ತದೆ. ಎಡವಟ್ಟು ಆಗುವುದು ಇಲ್ಲೇ. ಆದ್ದರಿಂದ ಎರಡೂ ಕೈ ಮೇಜಿನ ಮೇಲಿಡಿಸಿ, ಎಲ್ಲಾ ನಡೆಗಳನ್ನು ಬಾಯಲ್ಲಿ ಹೇಳಿಸಿ, ಆಮೇಲೆ ಮುಟ್ಟಿಸಿ. ಸ್ಕೋರ್ ಜೊತೆ ಮೊದಲ ನಡೆಗೆ ತೆಗೆದುಕೊಂಡ ಸಮಯವನ್ನೂ ಬರೆದಿಡಿ. ಅದು ಹೆಚ್ಚಿ, ಅನಗತ್ಯ ನಡೆ ಕಡಿಮೆಯಾದರೆ ಯೋಚಿಸುವ ಅಭ್ಯಾಸ ಬರುತ್ತಿದೆ. ಅದದೇ ಚಿತ್ರಗಳಲ್ಲಿ ವೇಗ ಮಾತ್ರ ಹೆಚ್ಚಿದರೆ ಬಾಯಿಪಾಠವಾಗಿದೆ ಅಷ್ಟೆ.

ಪಕ್ಕದಲ್ಲಿ ಕೂತವರು "ಅದಲ್ಲ, ಆ ಕೆಂಪುದು" ಅಂದುಬಿಟ್ಟರೆ ಕೆಲಸ ಮಾಡಿದ್ದು ಅವರ ಮೆದುಳು. "ಈಗ ಏನು ಮಾಡಬೇಕಿತ್ತು?" ಅಂತ ಮಾತ್ರ ಕೇಳಿ.

ಅದೇ ದಿನ ಅದೇ ಕ್ರಮವನ್ನು ನಿಜವಾದ ಕೆಲಸಕ್ಕೆ ಹಚ್ಚಿ. ಅಡಿಕೆಗೆ ಕೊಳೆ ಔಷಧಿ ಮಾಡುವುದು ಇದಕ್ಕೆ ಹೇಳಿ ಮಾಡಿಸಿದ್ದು. ಈ ಔಷಧಿಯೇ ಬೋರ್ಡೋ ದ್ರಾವಣ. ಶೇ 1ರದಕ್ಕೆ 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ, ಪ್ಲಾಸ್ಟಿಕ್ ಡ್ರಮ್ಮಲ್ಲೇ. ಎರಡನ್ನೂ ಕೂಡಿಸಿದ ಮೇಲೆ ಹೊಳೆಯುವ ಚಾಕು ಅದ್ದಿ ನೋಡಬೇಕು, ಕೆಂಪು ಹಿಡಿದರೆ ಸುಣ್ಣ ಸಾಲದು. ಹಂತಗಳನ್ನು ಅವರೇ ಮುಂಚೆ ಬರೆಯಲಿ, ಪ್ರತಿ ಹಂತ ಮುಗಿದಾಗ ನಿಂತು "ಮಾಡಿದ್ದೇನು, ಮುಂದೇನು" ಅಂತ ಹೇಳಿ ಟಿಕ್ ಹಾಕಲಿ. ಮರೆತರೆ ನೆನಪಿಸಲು ಮೊಬೈಲಿಗೆ ಕಾಲು ಗಂಟೆಗೊಂದು ಅಲಾರಂ. ಒಬ್ಬರನ್ನೇ ಬಿಡಬೇಡಿ, ಮರ ಹತ್ತಿಸುವುದಂತೂ ಬೇಡ.

ನಿಜವಾದ ಕೆಲಸದಲ್ಲಿ ಲೆಕ್ಕ ಇಡಬೇಕಾದ್ದು ಒಂದೇ: ಆ ಕೆಲಸ ಮುಗಿಯುವಷ್ಟರಲ್ಲಿ ಬೇರೆಯವರು ಎಷ್ಟು ಸಲ ಹೇಳಿಕೊಡಬೇಕಾಯಿತು. ಔಷಧಿ ದಿನಾ ಮಾಡುವುದಲ್ಲವಲ್ಲ, ಉಳಿದ ದಿನ ಸಂತೆಯ ಪಟ್ಟಿ, ಕೊಟ್ಟಿಗೆ ಕೆಲಸ ನಡೆಯುತ್ತದೆ. ಆರೆಂಟು ವಾರವಾದರೂ ಆ ಸಂಖ್ಯೆ ಇಳಿಯದಿದ್ದರೆ ಲ್ಯಾಪ್‌ಟಾಪಿನ ಸಮಯ ಹತ್ತು ನಿಮಿಷಕ್ಕಿಳಿಸಿ, ಉಳಿದದ್ದನ್ನು ಪೂರ್ತಿ ಈ ಕೆಲಸಗಳಿಗೇ ಕೊಡಿ.