ಆಮೆನ್ ಅಂದ ಮೇಲೂ ಚಿಂತೆ ವಾಪಸ್ ಬಂದರೆ

"ಎಲ್ಲವನ್ನೂ ದೇವರಿಗೆ ಒಪ್ಪಿಸಿ ಪ್ರಾರ್ಥನೆ ಮಾಡುತ್ತೇನೆ. ಆಮೆನ್ ಅಂದು ಮಲಗಿದರೆ ಅದೇ ಚಿಂತೆ ಮತ್ತೆ ಶುರು. ನನ್ನ ನಂಬಿಕೆ ಕಮ್ಮಿಯಾ?" ಅಂತ ಕೇಳಿದ್ದೀರಿ.

ಖಂಡಿತ ಇಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಒಂದೇ ರಾತ್ರಿ ಮೂರು ಸಲ ಹೋಗಿ ಅದೇ ಮಾತು ಹೇಳಿ ಪ್ರಾರ್ಥಿಸಿದರು. ಬೈಬಲ್‌ನಲ್ಲಿ ಮತ್ತಾಯ 26ನೇ ಅಧ್ಯಾಯ ತೆಗೆದು ನೋಡಿ. ನಮಗೆ ಒಂದು ಸಲ ಹೇಳಿದ್ದು ಸಾಲದಿದ್ದರೆ ನಾಚಿಕೆ ಯಾಕೆ?

ನಾವು ಕೋಲಾರದ ಕಡೆ ಟಮೋಟ ಬೆಳೆಯುವವರು. ನಮ್ಮ ಮನೆಯಲ್ಲಿ ಚಿಂತೆಗೆ ಬರ ಇಲ್ಲ. 2023ರ ಜುಲೈನಲ್ಲಿ ಇಲ್ಲಿನ ಮಂಡಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಬೇರೆ ಸಮಯದಲ್ಲಿ ಅದೇ ಬಾಕ್ಸ್‌ಗೆ ಹಣ್ಣು ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ. ಮಂಡಿಗೆ ಹಾಕುವ ಹಿಂದಿನ ರಾತ್ರಿ ನಿದ್ದೆ ಹತ್ತುವುದು ಕಷ್ಟ.

"ಎಲ್ಲ ನಿನ್ನ ಕೈಯಲ್ಲಿದೆ" ಅಂತ ಸುಮ್ನೆ ಒಟ್ಟಾರೆ ಹೇಳಿದರೆ ಮನಸ್ಸು ಕೇಳುವುದಿಲ್ಲ. ನಾನು ಬಿಡಿಬಿಡಿಯಾಗಿ, ಬಾಯಿಬಿಟ್ಟು ಹೇಳುತ್ತೇನೆ: "ಕರ್ತನೇ, ನಾಳೆ ಬಾಕ್ಸ್ ಎಷ್ಟಕ್ಕೆ ಕೂಗ್ತಾರೋ ಗೊತ್ತಿಲ್ಲ. ಸೊಸೈಟಿ ಕಂತು ಕಟ್ಟಬೇಕು. ಬೋರ್‌ನಲ್ಲಿ ನೀರು ಬಿಟ್ಟು ಬಿಟ್ಟು ಬರ್ತಿದೆ. ಭಯ ಆಗ್ತಿದೆ ತಂದೆಯೇ." ಹೀಗೆ ಹೇಳುತ್ತಾ ಹೋದರೆ ಯಾವುದು ಯಾರ ಕೆಲಸ ಅಂತ ತಾನಾಗೇ ಬೇರೆಯಾಗುತ್ತದೆ. ಸೊಸೈಟಿಗೆ ಹೋಗಿ ಗಡುವು ಕೇಳುವುದು ನನ್ನ ಕೆಲಸ. ಅದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡುತ್ತೇನೆ. ರೇಟು ನನ್ನ ಕೈಯಲ್ಲಿಲ್ಲ, ಅದು ಆತನಿಗೆ. ಅರ್ಧ ರಾತ್ರಿಯಲ್ಲಿ ಮತ್ತೆ ನೆನಪಾದರೆ ಉದ್ದ ಪ್ರಾರ್ಥನೆ ಮಾಡುವುದಿಲ್ಲ. "ರೇಟಿನ ವಿಷಯ ಆಗಲೇ ಹೇಳಿದ್ದೀನಿ ತಂದೆಯೇ" ಅಂದು ಮಗ್ಗುಲು ಬದಲಿಸುತ್ತೇನೆ. ಎಷ್ಟು ಸಲ ಬಂದರೂ ಅಷ್ಟೇ.

ದೇವರ ಮುಂದೆ ದೂರು ಹೇಳಲು ಹೆದರಬೇಡಿ. 13ನೇ ಕೀರ್ತನೆ ಶುರುವಾಗುವುದೇ "ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ?" ಅನ್ನುವ ಅರ್ಥದ ಮಾತಿನಿಂದ. ಬರೀ ಆರು ವಚನ, ಇವತ್ತೇ ಓದಿ. ಕೊನೆಗೆ ದಾವೀದ ಹಾಡುತ್ತಾನೆ. ಆದರೆ ನಡುವೆ ಅವನ ಕಷ್ಟ ತೀರಿತು ಅಂತ ಎಲ್ಲೂ ಬರೆದಿಲ್ಲ. ನನಗೆ ಆ ಕೀರ್ತನೆ ಇಷ್ಟವಾಗುವುದು ಅದಕ್ಕೇ.

ಚಿಂತೆ ಮಾಡಬೇಡಿ ಅಂತ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದಾಗ ಅವನು ಸೆರೆಯಲ್ಲಿದ್ದ. ಅದೇ ವಚನದಲ್ಲಿ ದೇವರಿಗೆ ಸ್ತೋತ್ರ ಸಲ್ಲಿಸುವ ಮಾತೂ ಇದೆ. ಹಾಗಾಗಿ ಕೊನೆಗೆ ಆ ದಿನದ ಒಂದು ಒಳ್ಳೆಯದನ್ನು ಹೇಳಿ. ಚಿಕ್ಕದಾದರೂ ಸರಿ. ನಿನ್ನೆ ನಾನು ಹೇಳಿದ್ದು, ತ್ರೀ ಫೇಸ್ ಕರೆಂಟ್ ಹಗಲು ಹೊತ್ತಿನಲ್ಲೇ ಬಂತಲ್ಲ, ಸ್ತೋತ್ರ ಅಂತ.

ಒಬ್ಬರೇ ಹೊರಬೇಡಿ. ನಿಮ್ಮ ಸಭೆಯ ಅಯ್ಯನವರಿಗೋ, ಪ್ರಾರ್ಥನೆ ಕೂಟದಲ್ಲಿ ಗುಟ್ಟು ಕಾಪಾಡುವ ಒಬ್ಬರಿಗೋ ಹೇಳಿ, ಜೊತೆಗೆ ಕೂತು ಪ್ರಾರ್ಥಿಸಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ಡಾಕ್ಟರ ಹತ್ತಿರವೂ ಹೋಗಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ನಂಬಿಕೆ ಇದ್ದವರಿಗೆ ಡಾಕ್ಟರ್ ಯಾಕೆ ಅಂತ ಯಾರಾದರೂ ಕೇಳಿದರೆ, ಪೌಲನ ಜೊತೆಗಿದ್ದ ಲೂಕ ವೈದ್ಯನೇ ಆಗಿದ್ದ ಅಂತ ಹೇಳಿ.