ಜ್ವರ ಬಿಟ್ಟ ಮೇಲೂ ವೈದ್ಯರಿಗೆ ತೋರಿಸಬೇಕೇ?

ಮೂರು ದಿನ 103 ಡಿಗ್ರಿಯವರೆಗೆ ಏರುತ್ತಿದ್ದ ಜ್ವರ ಈ ಬೆಳಿಗ್ಗೆ ಬಿಟ್ಟಿದೆ, ಇನ್ನೂ ಯಜಮಾನರನ್ನು ಆಸ್ಪತ್ರೆಗೆ ಕರೆದೊಯ್ಯಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಆದರೆ ನಿಮ್ಮ ಬೀದಿಯಲ್ಲಿ ಇಬ್ಬರಿಗೆ ಡೆಂಗಿ ಆಗಿದೆಯೆಂದು ನೀವೇ ಬರೆದಿರುವುದರಿಂದ, ಇಂದೇ ತೋರಿಸಿ ಎನ್ನುತ್ತೇನೆ. ಡೆಂಗಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ. ಅಪಾಯ ಕಾಣಿಸಿಕೊಳ್ಳುವುದೂ ಆಗಲೇ. ಮುಂದಿನ 24ರಿಂದ 48 ಗಂಟೆಗಳಲ್ಲಿ ಕೆಲವರಿಗೆ ರಕ್ತನಾಳಗಳಿಂದ ದ್ರವಾಂಶ ಹೊರಗೆ ಸೋರಿ ರಕ್ತದೊತ್ತಡ ಕುಸಿಯಬಹುದು.

ಡೆಂಗಿಯಾಗಿದ್ದ ನನ್ನ ತಮ್ಮನಿಗೆ ಐದನೆಯ ದಿನ ಜ್ವರ ಬಿಟ್ಟಾಗ ಅಮ್ಮ ಸಮಾಧಾನದಿಂದ ಸಾರನ್ನ ಕಲಸಿಕೊಟ್ಟಿದ್ದರು. ಎರಡು ತುತ್ತಿಗೇ ವಾಂತಿಯಾಯಿತು, ಮಧ್ಯಾಹ್ನದೊಳಗೆ ಇನ್ನೂ ಮೂರು ಬಾರಿ ಆಯಿತು. ಹೊಟ್ಟೆ ಮುಟ್ಟಿದರೆ ನೋವೆನ್ನುತ್ತಿದ್ದ. ಹಣೆ ಬೆಚ್ಚಗೂ ಇರಲಿಲ್ಲ, ಆದರೆ ಅಂಗೈ ಅಂಗಾಲು ತಣ್ಣಗೆ ಬೆವೆತಿದ್ದವು. ಸುಸ್ತು ಎಂದುಕೊಂಡು ನಾವು ಸಂಜೆಯವರೆಗೆ ಕಾದದ್ದು ತಪ್ಪು. ಮನೆಯವರೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದೇ ಕೇಳುತ್ತಿದ್ದರೆ (ಪರಂಗಿ ಎಲೆಯ ರಸವನ್ನೂ ಒಬ್ಬರು ತಂದಿದ್ದರು), ವೈದ್ಯರು ಮಾತ್ರ ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಸುವ ಹೆಮಟೋಕ್ರಿಟ್ ಅನ್ನು ಮತ್ತೆ ಮತ್ತೆ ನೋಡಿ ಡ್ರಿಪ್ಪಿನ ವೇಗವನ್ನು ಹೊಂದಿಸುತ್ತಿದ್ದರು.

ಆದ್ದರಿಂದ ಬಿಡದ ವಾಂತಿ, ಹೊಟ್ಟೆನೋವು, ಮೂಗಿನಲ್ಲೋ ವಸಡಿನಲ್ಲೋ ರಕ್ತ, ಕಪ್ಪು ಮಲ, ಅತಿಯಾದ ಮಂಪರು ಅಥವಾ ಚಡಪಡಿಕೆ, ಆರು ಗಂಟೆಯಾದರೂ ಮೂತ್ರ ಬಾರದಿರುವುದು, ಇವುಗಳಲ್ಲಿ ಒಂದು ಕಂಡರೂ ಹೊರರೋಗಿ ವಿಭಾಗದ ಸಮಯಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಮೈಕೈ ನೋವಿಗೆಂದು ಐಬುಪ್ರೊಫೇನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಪ್ಯಾರಾಸಿಟಮಾಲ್ ಸಾಕು. ಡೆಂಗಿ ಪತ್ತೆಗೆ ಮಾಡುವ ಎನ್‌ಎಸ್‌1 ಎಂಬ ರಕ್ತಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ಉಪಯುಕ್ತ, ಆದರೆ ಅದು ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲವೆಂದಾಗುವುದಿಲ್ಲ.

ಮನೆಯಲ್ಲಿ ಹಸುಗೂಸೂ ಇದೆ ಎಂದಿದ್ದೀರಿ. ಮೂರು ತಿಂಗಳು ತುಂಬದ ಮಗುವಿಗೆ 100.4 ಡಿಗ್ರಿ ಮುಟ್ಟಿದರೆ ಬೇರೆ ಯಾವ ಲಕ್ಷಣಕ್ಕೂ ಕಾಯದೆ ಅಂದೇ ತೋರಿಸಬೇಕು. ಯಾವ ವಯಸ್ಸಿನವರಿಗೇ ಆಗಲಿ, ಜ್ವರದೊಡನೆ ಕತ್ತು ಬಿಗಿದರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ ಕೂಡಲೇ ಹೊರಡಿ.

ಹೋಗುವಾಗ ಜ್ವರ ಶುರುವಾದ ದಿನ, ಮಾತ್ರೆ ಕೊಟ್ಟ ವೇಳೆ, ಕೊನೆಯ ಬಾರಿ ಮೂತ್ರವಾದ ಹೊತ್ತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಮ್ಮನ ವಿಷಯದಲ್ಲಿ ವೈದ್ಯರು ಮೊದಲು ಕೇಳಿದ್ದು ಇವನ್ನೇ, ನಮಗೆ ಒಂದೂ ಸರಿಯಾಗಿ ನೆನಪಿರಲಿಲ್ಲ.